ಅಂತರವನ್ನು ಕಾಯುವ ವಿದ್ಯೆ: ಚಾಣದಿಂದ ಪ್ಲಾಸ್ಮಾ ಟಾರ್ಚಿನವರೆಗೆ

ಕಬ್ಬಿಣವನ್ನು ಕತ್ತರಿಸುವ ಕಸುಬಿಗೆ ಸಾವಿರಾರು ವರ್ಷಗಳ ಇತಿಹಾಸವಿದೆ. ಆ ದೀರ್ಘ ಕಾಲದ ಬಹುಪಾಲಿನಲ್ಲಿ ಕತ್ತರಿಸುವ ಆಯುಧವು ಲೋಹವನ್ನು ಮುಟ್ಟಿಯೇ ಕೆಲಸ ಮಾಡುತ್ತಿತ್ತು. ಚಾಣ, ಗರಗಸ, ಕತ್ತರಿ, ಅರ ಇವೆಲ್ಲವೂ ಮುಟ್ಟುವ ಆಯುಧಗಳು. ಮುಟ್ಟದೆ ಕತ್ತರಿಸುವ ವಿದ್ಯೆ ಮನುಷ್ಯನ ಕೈಗೆ ಬಂದು ಒಂದು ಶತಮಾನಕ್ಕಿಂತ ಸ್ವಲ್ಪ ಹೆಚ್ಚು ಕಾಲವಷ್ಟೇ ಆಗಿದೆಯೆನ್ನಬಹುದು. ಮುಟ್ಟದೆ ಕತ್ತರಿಸಬೇಕಾದರೆ ಆಯುಧಕ್ಕೂ ಲೋಹಕ್ಕೂ ನಡುವೆ ಒಂದು ಅಂತರ ಇರಲೇಬೇಕು. ಆ ಅಂತರವು ಕೆಲಸ ಮುಗಿಯುವವರೆಗೂ ಹೆಚ್ಚು ಕಡಿಮೆಯಾಗದೆ ಉಳಿಯಬೇಕು. ಅದನ್ನು ಕಾಯುವವರು ಯಾರು? ಕೈಯೋ, ಕಣ್ಣೋ, ಯಂತ್ರವೋ? ಈ ಪ್ರಶ್ನೆಯ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಇತಿಹಾಸ ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಪ್ಲಾಸ್ಮಾ ಯಂತ್ರದ ಗೊಡವೆ ಏಕೆಂದು ಬಂಧುಗಳು ಕೇಳಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಬಳಿ ಓದಿದ ಹಲವರು ಇಂದು ವರ್ಕ್‌ಷಾಪುಗಳನ್ನು ನಡೆಸುತ್ತಿದ್ದಾರೆ. ಟ್ರಾಕ್ಟರಿನ ಟ್ರೈಲರು, ನೇಗಿಲು, ಕಿಟಕಿ, ಗೇಟು, ಆಲೆಮನೆಯ ಸಾಮಾನು ತಯಾರಿಸುವ ಅವರಲ್ಲಿ ಕೆಲವರು ಸಾಲ ಮಾಡಿ ಸಿಎನ್‌ಸಿ ಪ್ಲಾಸ್ಮಾ ಯಂತ್ರ ಕೊಂಡಿದ್ದಾರೆ, ಇನ್ನು ಕೆಲವರು ಕೊಳ್ಳುವ ಆಲೋಚನೆಯಲ್ಲಿದ್ದಾರೆ. ಆ ಸಾಲ ತೀರುವುದೋ ಬೆಳೆಯುವುದೋ ಎಂಬುದು ಬಹುಮಟ್ಟಿಗೆ ಈ ಒಂದೆರಡು ಮಿಲಿಮೀಟರ್ ಅಂತರದ ಮೇಲೆ ನಿಂತಿದೆ. ಆದುದರಿಂದ ಇದು ನಮ್ಮದೇ ವಿಷಯ.

ಮೊದಲು ನಮ್ಮ ನೆಲದ ಲೋಹವಿದ್ಯೆಯನ್ನು ನೆನೆಯೋಣ. ನಾಗಮಂಗಲವು ಸೌಮ್ಯಕೇಶವನ ಊರೆಂದು ಪ್ರಸಿದ್ಧವಾದಂತೆಯೇ ಹಿತ್ತಾಳೆ, ಕಂಚು, ಪಂಚಲೋಹದ ಎರಕಕ್ಕೂ ಹೆಸರಾದದ್ದು. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಉಳಿದ ಪೊಳ್ಳಿಗೆ ಕರಗಿದ ಲೋಹವನ್ನು ಸುರಿಯುವ ಪದ್ಧತಿ ಅದು. ಎರಕ ಮುಗಿದ ಮೇಲೆ ಮೂರ್ತಿಯ ಕಣ್ಣು, ಆಭರಣ, ಬೆರಳುಗಳನ್ನು ಬಿಡಿಸುವುದು ಚಾಣದ ಕೆಲಸ. ಚಾಣವು ಲೋಹವನ್ನು ಮುಟ್ಟುತ್ತದೆ. ಎಷ್ಟು ಇಳಿಯಿತೆಂಬುದು ಕೂಡಲೇ ಕೈಗೆ ತಿಳಿಯುತ್ತದೆ. ಸುತ್ತಿಗೆಯ ಸದ್ದು ಬದಲಾದರೆ ಕಿವಿಗೆ ತಿಳಿಯುತ್ತದೆ. ಆ ಶಿಲ್ಪಿಗೆ ಅಳೆಯುವ ಸಾಧನವೂ ಕತ್ತರಿಸುವ ಸಾಧನವೂ ಒಂದೇ ಆಗಿದ್ದುವು.

ಶ್ರೀರಂಗಪಟ್ಟಣದ ಹೆಸರು ಲೋಹವಿದ್ಯೆಯ ಜಾಗತಿಕ ಚರಿತ್ರೆಯಲ್ಲಿಯೇ ಸೇರಿಹೋಗಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದ ರಾಕೆಟ್ಟುಗಳ ಹಿರಿಮೆ ಇದ್ದುದು ಅವುಗಳ ಕಬ್ಬಿಣದ ಕೊಳವೆಯಲ್ಲಿ. ಮದ್ದು ಉರಿದಾಗ ಹುಟ್ಟುವ ಒತ್ತಡವನ್ನು ಕಾಗದದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚು ತಡೆಯಬಲ್ಲದಾದ್ದರಿಂದ ಅವು ಹೆಚ್ಚು ದೂರ ಹಾರುತ್ತಿದ್ದುವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕೆಲವು ರಾಕೆಟ್ಟುಗಳು ಇಂಗ್ಲೆಂಡಿನ ವುಲ್ವಿಚ್‌ಗೆ ಹೋದುವು. ಅನಂತರದ ವರ್ಷಗಳಲ್ಲಿ ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ನಮ್ಮವರೇ ಆದ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಕಥೆಯನ್ನು ಪ್ರಬಂಧವೊಂದರಲ್ಲಿ ವಿವರವಾಗಿ ಬರೆದಿದ್ದಾರೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ರಾಕೆಟ್ ಕೊಳವೆಗಳು ದೊರೆತುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಇವುಗಳನ್ನೆಲ್ಲ ಮಾಡಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಕುಲುಮೆಯ ಮುಂದೆ ಕುಳಿತ ಕಮ್ಮಾರರು. ಪಾಂಡವಪುರಕ್ಕೆ ಹಿರೋಡೆ ಎಂಬ ಹೆಸರಿನ ಜೊತೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದೂ ಆ ಕಾಲದಲ್ಲಿ ಅಲ್ಲಿ ಬಿಡಾರ ಹೂಡಿದ್ದ ಫ್ರೆಂಚ್ ಪಡೆಯಿಂದಲೇ.

ರಾಜ್ಯ ಹೋದರೂ ಕುಲುಮೆ ಉಳಿಯಿತು. ನೇಗಿಲಿನ ಕುಳ, ಕುಡುಗೋಲು, ಮಚ್ಚು, ಗಾಡಿಯ ಚಕ್ರದ ಪಟ್ಟಿ ಇವು ಊರೂರಿನ ಕಮ್ಮಾರನ ಕೆಲಸಗಳು. ಕೃಷ್ಣರಾಜಪೇಟೆಯ ಕಡೆ ಚಕ್ರಕ್ಕೆ ಪಟ್ಟಿ ಕಟ್ಟುವುದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕಡಿದು, ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಾಗಿ ಕಾಯಿಸಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ ನೀರು ಹುಯ್ದರೆ ಅದು ಕುಗ್ಗಿ ಬಿಗಿಯಾಗುತ್ತಿತ್ತು. ಎಷ್ಟು ಚಿಕ್ಕದಾಗಿ ಕಡಿಯಬೇಕೆಂಬುದು ಪುಸ್ತಕದಲ್ಲಿ ಇರಲಿಲ್ಲ, ಕಮ್ಮಾರನ ತಲೆಯಲ್ಲಿತ್ತು. ಆದರೆ ಆ ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತೇ ಹೊರತು ಬೇರೆ ಕುಲದವರಿಗೆ, ಹೆಣ್ಣುಮಕ್ಕಳಿಗೆ ದೊರೆಯುತ್ತಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಇನ್ನು ಮುಟ್ಟದೆ ಕತ್ತರಿಸುವ ವಿದ್ಯೆಗೆ ಬರೋಣ. ಕಬ್ಬಿಣವನ್ನು ಚೆನ್ನಾಗಿ ಕಾಯಿಸಿ ಅದರ ಮೇಲೆ ಶುದ್ಧ ಆಮ್ಲಜನಕವನ್ನು ರಭಸದಿಂದ ಬಿಟ್ಟರೆ ಕಬ್ಬಿಣವೇ ಉರಿದು ಕಿಟ್ಟವಾಗಿ ಸುರಿದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಯುರೋಪಿನಲ್ಲಿ ಈ ತತ್ತ್ವ ಕೆಲಸಕ್ಕೆ ಬಂದಿತು. 1903ರಲ್ಲಿ ಫ್ರಾನ್ಸಿನ ಎಡ್ಮಂಡ್ ಫೂಶೆ ಮತ್ತು ಶಾರ್ಲ್ ಪಿಕಾರ್ ಎಂಬವರು ಆಮ್ಲಜನಕ ಮತ್ತು ಅಸಿಟಿಲೀನ್ ಅನಿಲಗಳ ಟಾರ್ಚನ್ನು ತಯಾರಿಸಿದರು. ನಮ್ಮ ಊರುಗಳಲ್ಲಿ ಗ್ಯಾಸ್ ಕಟಿಂಗ್ ಎಂದು ಕರೆಯುವ ವಿದ್ಯೆಯ ಮೂಲ ಇದೇ. ಇಲ್ಲಿ ಟಾರ್ಚು ತಗಡನ್ನು ಮುಟ್ಟುವುದಿಲ್ಲ. ಅಂತರವನ್ನು ಕಾಯುವುದು ಕೆಲಸಗಾರನ ಮಣಿಕಟ್ಟು. ಜ್ವಾಲೆಯ ಬಣ್ಣ, ಕಿಡಿ ಹಾರುವ ದಿಕ್ಕು, ಕೆಳಗೆ ಸುರಿಯುವ ಕಿಟ್ಟದ ಸದ್ದು ಇವುಗಳಿಂದ ಅವನು ಅಂತರವನ್ನು ಅರಿಯುತ್ತಾನೆ. ಗ್ಯಾಸಿನ ಜ್ವಾಲೆಯಾದರೋ ಸ್ವಲ್ಪ ಉದಾರಿ. ಅಂತರ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಕೆಲಸ ಅಷ್ಟಾಗಿ ಕೆಡುವುದಿಲ್ಲ.

ಇದೇ ಕಾಲದಲ್ಲಿ, ಕಾಯುವ ಕೆಲಸವನ್ನು ಮನುಷ್ಯನ ಕೈಯಿಂದ ಯಂತ್ರಕ್ಕೆ ವಹಿಸಿದ ದೊಡ್ಡ ಉದಾಹರಣೆಯೊಂದು ನಮ್ಮ ಮನೆಬಾಗಿಲಿಗೇ ಬಂದಿತು. ಅದು ಕನ್ನಂಬಾಡಿ ಕಟ್ಟೆ. ಸರ್ ಎಂ. ವಿಶ್ವೇಶ್ವರಯ್ಯನವರು ಜಲಾಶಯಗಳಿಗಾಗಿ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ರೂಪಿಸಿ ಪೇಟೆಂಟ್ ಪಡೆದಿದ್ದರು. ಅವು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಬಳಕೆಗೆ ಬಂದು, ಮುಂದೆ 1911ರಿಂದ 1932ರವರೆಗೆ ನಿರ್ಮಾಣವಾದ ಕೃಷ್ಣರಾಜಸಾಗರದಲ್ಲಿಯೂ ಸ್ಥಾಪಿತವಾದುವು. ಹೊಳೆ ಉಕ್ಕಿ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಗೇಟು ತೆರೆಯುತ್ತದೆ. ಮಟ್ಟ ಇಳಿದೊಡನೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಯಾರೂ ಓಡಿಬಂದು ಚಕ್ರ ತಿರುಗಿಸಬೇಕಾಗಿಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿನ ಹಳೆಯ ಗೇಟುಗಳನ್ನು ಬದಲಿಸುವ ಕಾರ್ಯ ನಡೆದಿದೆಯಾದರೂ ಆ ತತ್ತ್ವ ಹಳೆಯದಾಗಿಲ್ಲ. ಅದರಲ್ಲಿ ಮೂರು ಅಂಗಗಳಿವೆ: ಇರಬೇಕಾದ ಮಟ್ಟ, ಇರುವ ಮಟ್ಟ, ಅವೆರಡರ ವ್ಯತ್ಯಾಸವನ್ನು ಸರಿಪಡಿಸುವ ಚಲನೆ. ಜೇಮ್ಸ್ ವ್ಯಾಟ್ 1788ರಲ್ಲಿ ಹಬೆಯಂತ್ರದ ವೇಗವನ್ನು ಹದದಲ್ಲಿಡಲು ಅಳವಡಿಸಿದ ತಿರುಗುವ ಗುಂಡುಗಳ ಗವರ್ನರ್ ಕೂಡ ಇದೇ ಜಾತಿಯದು. ನಾನು ಹೇಳಹೊರಟಿರುವ ಟಾರ್ಚ್ ಎತ್ತರ ನಿಯಂತ್ರಕವೂ ಇದೇ ವಂಶದ ಕುಡಿ.

ಆದರೆ ಗೇಟಿಗೆ ನೀರಿನ ಮಟ್ಟವನ್ನು ತಿಳಿಸಲು ನೀರೇ ಇದೆ. ಉರಿಯುವ ಟಾರ್ಚಿಗೆ ತಗಡು ಎಷ್ಟು ದೂರದಲ್ಲಿದೆಯೆಂದು ತಿಳಿಸುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು, ಪ್ರಶ್ನೆ ಹುಟ್ಟುವುದಕ್ಕೂ ಅರ್ಧ ಶತಮಾನದ ಮೊದಲೇ, ಒಬ್ಬ ಹೆಣ್ಣುಮಗಳು ಸಿದ್ಧಮಾಡಿಟ್ಟಿದ್ದಳು.

ಆಕೆ ಇಂಗ್ಲೆಂಡಿನ ಹರ್ತಾ ಏರ್ಟನ್. 1854ರಲ್ಲಿ ಗಡಿಯಾರ ಮಾಡುವವನ ಮಗಳಾಗಿ ಹುಟ್ಟಿದವಳು. ಆ ಕಾಲದಲ್ಲಿ ಬೀದಿದೀಪಗಳಾಗಿ ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಚಾಪ ಹೊತ್ತಿಸುತ್ತಿದ್ದರು. ಅವು ಬುಸುಗುಟ್ಟುತ್ತ ಮಿನುಗುತ್ತಿದ್ದುವು. ಅದರ ಕಾರಣವನ್ನು ಹುಡುಕುತ್ತ ಹೋದ ಏರ್ಟನ್, ಚಾಪದ ಉದ್ದ, ಅದರಲ್ಲಿ ಹರಿಯುವ ವಿದ್ಯುತ್ತು, ಅದಕ್ಕೆ ಬೇಕಾಗುವ ವೋಲ್ಟೇಜು ಇವು ಮೂರಕ್ಕೂ ಇರುವ ಸಂಬಂಧವನ್ನು ಸಮೀಕರಣದ ರೂಪದಲ್ಲಿ ಕಂಡುಹಿಡಿದಳು. ವಿದ್ಯುತ್ ಪ್ರವಾಹವನ್ನು ಬದಲಿಸದೆ ಇಟ್ಟರೆ ಚಾಪ ಉದ್ದವಾದಂತೆ ವೋಲ್ಟೇಜು ಏರುತ್ತದೆ, ಗಿಡ್ಡವಾದಂತೆ ಇಳಿಯುತ್ತದೆ. 1899ರಲ್ಲಿ ಆಕೆ ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಮಹಿಳಾ ಸದಸ್ಯೆಯಾದಳು. 1902ರಲ್ಲಿ ವಿದ್ಯುತ್ ಚಾಪವನ್ನು ಕುರಿತ ಆಕೆಯ ಗ್ರಂಥ ಪ್ರಕಟವಾಯಿತು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆಕೆಯ ಹೆಸರು ಸೂಚಿತವಾದಾಗ, ಮದುವೆಯಾದ ಹೆಣ್ಣೆಂಬ ಕಾರಣಕ್ಕೆ ಅದನ್ನು ಸ್ವೀಕರಿಸಲಿಲ್ಲ. ಆದರೂ 1906ರಲ್ಲಿ ಅದೇ ಸೊಸೈಟಿ ಆಕೆಗೆ ಹ್ಯೂಸ್ ಪದಕವನ್ನು ಕೊಟ್ಟಿತು.

ಆ 1902ನೆಯ ವರ್ಷ ನಮಗೂ ನೆನಪಿಡತಕ್ಕದ್ದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಆ ವರ್ಷವೇ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಹೀಗೆ ಚಾಪದ ಗುಣವನ್ನು ಅಳೆದ ವಿದ್ಯೆಯೂ ಚಾಪ ಹೊತ್ತಿಸಲು ಬೇಕಾದ ಶಕ್ತಿಯೂ ಎರಡು ಬೇರೆ ಬೇರೆ ನಾಡುಗಳಲ್ಲಿ ಒಂದೇ ವರ್ಷ ಸಿದ್ಧವಾದುವು. ಅವೆರಡೂ ಕೂಡಿ ಮಂಡ್ಯ ಸೀಮೆಯ ವರ್ಕ್‌ಷಾಪನ್ನು ಸೇರಲು ಮಾತ್ರ ಬಹುಕಾಲ ಹಿಡಿಯಿತು.

ನಡುವಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗ್ಯಾಸ್ ಕಟಿಂಗಿನಲ್ಲಿ ಕಬ್ಬಿಣವೇ ಉರಿಯಬೇಕಾದುದರಿಂದ, ಹಾಗೆ ಉರಿಯದ ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂಗಳನ್ನು ಅದು ಕತ್ತರಿಸಲಾರದು. ಎರಡನೆಯ ಮಹಾಯುದ್ಧದ ಅನಂತರ ಈ ಲೋಹಗಳ ಬಳಕೆ ಹೆಚ್ಚಿತು. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ಲಿಂಡೆ ವಿಭಾಗದಲ್ಲಿದ್ದ ರಾಬರ್ಟ್ ಗೇಜ್, ವಿದ್ಯುತ್ ಚಾಪವನ್ನು ಸಣ್ಣ ರಂಧ್ರದ ಮೂಲಕ ಹಿಂಡಿ ಹೊರಬಿಟ್ಟರೆ ಅದರ ತಾಪವೂ ರಭಸವೂ ಬಹಳವಾಗಿ ಹೆಚ್ಚುತ್ತವೆಂದು ತೋರಿಸಿ 1957ರಲ್ಲಿ ಪೇಟೆಂಟ್ ಪಡೆದನು. ವಿದ್ಯುತ್ತನ್ನು ಹರಿಯಗೊಡುವಷ್ಟು ಕಾದ ಅನಿಲಕ್ಕೆ ಪ್ಲಾಸ್ಮಾ ಎಂಬ ಹೆಸರನ್ನು ಅರ್ವಿಂಗ್ ಲ್ಯಾಂಗ್‌ಮ್ಯೂರ್ 1928ರಲ್ಲಿಯೇ ಕೊಟ್ಟಿದ್ದನು. ಈ ಪ್ಲಾಸ್ಮಾದ ತಾಪ ಸುಮಾರು 20,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ವಿದ್ಯುತ್ ಹರಿಯುವ ಯಾವ ಲೋಹವೂ ಅದರ ಮುಂದೆ ನಿಲ್ಲಲಾರದು. ಮುಂದೆ ದುಬಾರಿ ಅನಿಲಗಳ ಬದಲು ಕಂಪ್ರೆಸರಿನ ಗಾಳಿಯನ್ನೇ ಬಳಸುವ ಯಂತ್ರಗಳು ಬಂದುವು. ಅತ್ತ 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ತೂತು ಕೊರೆದ ಕಾಗದದ ಪಟ್ಟಿಯ ಅಂಕಿಗಳನ್ನು ಓದಿ ತಾನೇ ಚಲಿಸುವ ಯಂತ್ರದ ಪ್ರದರ್ಶನವಾಗಿತ್ತು. ಆ ಪಟ್ಟಿಯ ಜಾಗಕ್ಕೆ ಕಂಪ್ಯೂಟರ್ ಬಂದಾಗ ಅದು ಸಿಎನ್‌ಸಿ ಆಯಿತು. ನಮ್ಮಲ್ಲಿ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ನಾಲೆಯ ನೀರಿನಿಂದ ಕಬ್ಬು ಬೆಳೆಯಿತು. ಕಬ್ಬಿನಿಂದ ಗಾಣ, ಕೊಪ್ಪರಿಗೆ, ಟ್ರೈಲರುಗಳ ಕೆಲಸ ಬೆಳೆಯಿತು. ಆ ಕೆಲಸಗಳ ಬೆನ್ನಿಗೇ ಇಂದು ಈ ಯಂತ್ರಗಳು ನಮ್ಮ ಪೇಟೆಗಳಿಗೆ ಬಂದಿವೆ.

ಪ್ಲಾಸ್ಮಾ ಗ್ಯಾಸಿನ ಜ್ವಾಲೆಯಂತೆ ಉದಾರಿಯಲ್ಲ. ಸಣ್ಣ ಯಂತ್ರಗಳಲ್ಲಿ ಟಾರ್ಚಿನ ಮೂತಿಗೂ ತಗಡಿಗೂ ಇರಬೇಕಾದ ಅಂತರ ಸುಮಾರು 1.5 ಮಿಲಿಮೀಟರ್, ಅಂದರೆ ಒಂದು ರೂಪಾಯಿ ನಾಣ್ಯದ ದಪ್ಪಕ್ಕೆ ಹತ್ತಿರ. ಅಂತರ ಹೆಚ್ಚಾದರೆ ಮೇಲಿನ ಅಂಚು ಉರುಟಾಗಿ, ಕಡಿತ ಓರೆಯಾಗಿ, ಅಡಿಯಲ್ಲಿ ಕಿಟ್ಟ ಅಂಟುತ್ತದೆ. ಕಡಿಮೆಯಾದರೆ ಓರೆ ಇನ್ನೊಂದು ಕಡೆಗೆ ತಿರುಗುತ್ತದೆ. ಮೂತಿ ತಗಡಿಗೆ ತಾಕಿ, ಚಾಪವು ನಾಝಲ್ಲಿಗೇ ಹಾರಿ, ಅದು ಹಾಳಾಗುತ್ತದೆ. ಮೇಜಿನ ಮೇಲೆ ಹಾಸಿದ ತಗಡು ಎಂದೂ ಸಮತಟ್ಟಾಗಿರುವುದಿಲ್ಲ. ಇದ್ದರೂ ಕಾದಾಗ ಹಪ್ಪಳದಂತೆ ಏಳುತ್ತದೆ. 2 ಮಿಲಿಮೀಟರಿನ ತಗಡು 5 ಮಿಲಿಮೀಟರ್ ಮೇಲೆದ್ದರೆ ಕುರುಡಾಗಿ ಸಾಗುವ ಟಾರ್ಚು ಅದಕ್ಕೆ ಢಿಕ್ಕಿ ಹೊಡೆಯದೆ ಬಿಡದು. ಮೊದಮೊದಲು ಒಬ್ಬ ಕೆಲಸಗಾರ ಗುಂಡಿ ಒತ್ತುತ್ತ ಟಾರ್ಚನ್ನು ಏರಿಳಿಸುತ್ತಿದ್ದನು. ಅವನ ಕಣ್ಣು ದಣಿಯುತ್ತಿತ್ತು. ಯಂತ್ರದ ವೇಗ ಅವನ ಕೈಯನ್ನು ಮೀರುತ್ತಿತ್ತು.

ಏರ್ಟನ್ನಳ ಅರಿವು ಕೆಲಸಕ್ಕೆ ಬಂದದ್ದು ಇಲ್ಲಿ. ಪ್ಲಾಸ್ಮಾ ಯಂತ್ರ ವಿದ್ಯುತ್ ಪ್ರವಾಹವನ್ನು ಒಂದೇ ಸಮನಾಗಿ ಹಿಡಿದಿಡುತ್ತದೆ. ಆದುದರಿಂದ ಚಾಪದ ವೋಲ್ಟೇಜನ್ನು ನೋಡಿದರೆ ಅದರ ಉದ್ದ ತಿಳಿಯುತ್ತದೆ. ಗಾಳಿಯ ಪ್ಲಾಸ್ಮಾದಲ್ಲಿ ಅದು ಸಾಮಾನ್ಯವಾಗಿ 100ರಿಂದ 160 ವೋಲ್ಟುಗಳ ನಡುವೆ ಇರುತ್ತದೆ. ಅಂತರ ಒಂದು ಮಿಲಿಮೀಟರ್ ಬದಲಾದರೆ ಸುಮಾರು 5ರಿಂದ 10 ವೋಲ್ಟು ಬದಲಾಗುತ್ತದೆ. ನಿಯಂತ್ರಕವು ಈ ವೋಲ್ಟೇಜನ್ನು ಸೆಕೆಂಡಿಗೆ ಹಲವು ಬಾರಿ ಓದಿ, ನಾವು ಬರೆದಿಟ್ಟ ಅಂಕಿಗಿಂತ ಹೆಚ್ಚಿದ್ದರೆ ಟಾರ್ಚನ್ನು ಇಳಿಸುತ್ತದೆ, ಕಡಿಮೆಯಿದ್ದರೆ ಏರಿಸುತ್ತದೆ. ಕನ್ನಂಬಾಡಿಯ ಗೇಟಿನ ಅದೇ ಮೂರು ಅಂಗಗಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಿಯಂತ್ರಕಕ್ಕೆ ಅಂತರ ಕಾಣುವುದಿಲ್ಲ, ವೋಲ್ಟೇಜು ಮಾತ್ರ ಕಾಣುತ್ತದೆ. ವೋಲ್ಟೇಜು ಬೇರೆ ಕಾರಣದಿಂದ ಬದಲಾದರೂ ಅದು ಅಂತರ ಬದಲಾಯಿತೆಂದೇ ನಂಬುತ್ತದೆ. ಪಾಂಡವಪುರದ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನು ನನ್ನಲ್ಲಿಗೆ ಬಂದು, “ಮೇಷ್ಟ್ರೇ, ಎತ್ತರಾನ ಮಿಸೀನೇ ನೋಡ್ಕತದೆ ಅಂತ ಹೇಳಿ ಮಾರುದ್ರು. ನೆಟ್ಟಗೆ ಹೋಗೋವಾಗ ಸರಿಯಾಗೇ ಹೋಯ್ತದೆ, ಮೂಲೆಗೆ ಬಂದೇಟ್ಗೆ ಮೂತಿನ ತಗಡಿಗೆ ಕುಕ್ತದೆ” ಎಂದು ಹೇಳಿಕೊಂಡನು. ಅವನ ಅಂಗಳದಲ್ಲಿ ಕೆಟ್ಟ ತುಂಡುಗಳ ರಾಶಿಯೇ ಬಿದ್ದಿತ್ತು. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು. ಮಾರಿದವರು ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದರು. ಮೂಲೆಯಲ್ಲಿ ಟಾರ್ಚು ತಿರುಗಲು ನಿಧಾನಿಸುತ್ತದೆ. ನಿಧಾನವಾದಾಗ ಸುಟ್ಟ ಸಂದು ಅಗಲವಾಗಿ, ಚಾಪವು ಲೋಹವನ್ನು ಹುಡುಕುತ್ತ ಉದ್ದವಾಗುತ್ತದೆ, ವೋಲ್ಟೇಜು ಏರುತ್ತದೆ. ಟಾರ್ಚು ಮೇಲೇರಿತೆಂದು ಬಗೆದ ನಿಯಂತ್ರಕ ಅದನ್ನು ಕೆಳಕ್ಕೆ ಒತ್ತುತ್ತದೆ. ಹಿಂದೆ ಕತ್ತರಿಸಿದ ಸಂದನ್ನು ದಾಟುವಾಗಲೂ, ಚಿಕ್ಕ ರಂಧ್ರ ಕೊರೆಯುವಾಗಲೂ ಇದೇ ಪ್ರಮಾದ ಆಗುತ್ತದೆ.

ಆದುದರಿಂದ ನಿಯಂತ್ರಕವನ್ನು ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ: ವೇಗ ತಗ್ಗಿದಾಗ ಎತ್ತರವನ್ನು ಇದ್ದಲ್ಲಿಯೇ ಹಿಡಿದಿಡುವ ಏರ್ಪಾಡು ಇದರಲ್ಲಿದೆಯೇ? ವೋಲ್ಟೇಜು ಹಠಾತ್ತನೆ ನೆಗೆದರೆ ಅದನ್ನು ನಂಬದೆ ಬಿಡುವ ವಿವೇಕ ಇದಕ್ಕೆ ಇದೆಯೇ? ಚಲನೆಯನ್ನು ನಡೆಸುವ ಕಂಪ್ಯೂಟರಿಗೂ ನಿಯಂತ್ರಕಕ್ಕೂ ಮಾತುಕತೆ ಇದ್ದರೆ ಮಾತ್ರ ಇದು ಸಾಧ್ಯ. ಎರಡೂ ಬೇರೆ ಬೇರೆ ಪೆಟ್ಟಿಗೆಗಳಾಗಿ ಒಂದಕ್ಕೊಂದು ಪರಿಚಯವಿಲ್ಲದೆ ಇದ್ದರೆ ಮೂಲೆಯ ಕಾಟ ತಪ್ಪದು.

ಎರಡನೆಯದು, ಆರಂಭದ ಎತ್ತರವನ್ನು ಅದು ಹೇಗೆ ಅರಿಯುತ್ತದೆ ಎಂಬುದು. ಚಾಪ ಹೊತ್ತುವ ಮೊದಲು ವೋಲ್ಟೇಜು ಇರುವುದಿಲ್ಲವಾದ್ದರಿಂದ, ಟಾರ್ಚು ಒಮ್ಮೆ ಮೆಲ್ಲನೆ ತಗಡನ್ನು ಮುಟ್ಟಿ ಮೇಲೇಳಬೇಕು. ಚಾಣದ ಕಾಲದ ಸ್ಪರ್ಶ ಇಲ್ಲಿ ಮರಳಿ ಬಂದಿರುವುದನ್ನು ಗಮನಿಸಿರಿ. ಕೆಲವು ಯಂತ್ರಗಳಲ್ಲಿ ಮೂತಿ ತಗಡಿಗೆ ತಾಗಿದಾಗ ಹರಿಯುವ ಸಣ್ಣ ವಿದ್ಯುತ್ತಿನಿಂದ ಇದನ್ನು ಅರಿಯುತ್ತಾರೆ. ತಗಡಿನ ಮೇಲೆ ತುಕ್ಕು, ಬಣ್ಣ, ಎಣ್ಣೆ ಇದ್ದರೆ ಆ ವಿದ್ಯುತ್ತು ಹರಿಯದು. ನಮ್ಮ ಕಡೆ ಮಳೆಗಾಲದಲ್ಲಿ ಹೊರಗೆ ಬಿದ್ದ ತಗಡು ತುಕ್ಕು ಹಿಡಿಯದೆ ಇರುವುದೇ ಅಪರೂಪ. ಅದಕ್ಕಾಗಿ, ಟಾರ್ಚು ತಗಡಿಗೆ ಒತ್ತಿ ತುಸು ಮೇಲಕ್ಕೆ ಸರಿದಾಗ ಕೆಲಸ ಮಾಡುವ ಸ್ವಿಚ್ಚೊಂದು ಜೊತೆಗೆ ಇರಬೇಕು. ಎರಡೂ ಇರುವ ಯಂತ್ರವೇ ಮೇಲು.

ಮೂರನೆಯದು, ತೂತು ಹೊಡೆಯುವ ಎತ್ತರ. ಮೊದಲ ತೂತು ಬೀಳುವಾಗ ಕರಗಿದ ಲೋಹಕ್ಕೆ ಕೆಳಗೆ ದಾರಿಯಿಲ್ಲದೆ ಮೇಲಕ್ಕೆ ಚಿಮ್ಮುತ್ತದೆ. ಆಗ ಟಾರ್ಚು ಕತ್ತರಿಸುವ ಎತ್ತರದ ಒಂದೂವರೆ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಮೇಲಿದ್ದು, ತೂತು ಬಿದ್ದ ಮೇಲೆ ಇಳಿಯಬೇಕು. ಪೂರ್ಣ ವೇಗ ಬರುವವರೆಗೆ ನಿಯಂತ್ರಕ ಸುಮ್ಮನಿರಬೇಕು. ಈ ಎತ್ತರಗಳನ್ನೂ ತಡೆಯುವ ಕಾಲವನ್ನೂ ಬೇರೆ ಬೇರೆಯಾಗಿ ಬರೆಯಲು ಅವಕಾಶವಿದೆಯೇ ಎಂದು ಕೇಳಿರಿ. ಇದಿಲ್ಲದೆ ಹೋದರೆ ನಾಝಲ್ಲುಗಳ ಖರ್ಚಿಗೆ ಮಿತಿಯಿಲ್ಲ.

ನಾಲ್ಕನೆಯದು, ಸವೆತದ ಲೆಕ್ಕ. ಟಾರ್ಚಿನೊಳಗಿನ ಎಲೆಕ್ಟ್ರೋಡಿನ ತುದಿಯಲ್ಲಿ ಹಾಫ್ನಿಯಂ ಎಂಬ ಲೋಹದ ಪುಟ್ಟ ಬೊಟ್ಟು ಇರುತ್ತದೆ. ಅದು ಸವೆದು ಗುಳಿ ಬಿದ್ದಂತೆ, ತಗಡಿನ ಅಂತರ ಸರಿಯಾಗಿದ್ದರೂ ಚಾಪ ಒಳಗಿನಿಂದಲೇ ಉದ್ದವಾಗುತ್ತದೆ. ವೋಲ್ಟೇಜು ಹೆಚ್ಚಿತೆಂದು ನಿಯಂತ್ರಕ ದಿನದಿನವೂ ಟಾರ್ಚನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರುತ್ತದೆ. ಹೊಸ ಎಲೆಕ್ಟ್ರೋಡಿಗೆ ಬರೆದ ಅಂಕಿ ಹಳೆಯದಕ್ಕೆ ಸಲ್ಲದು. ಪ್ರತಿ ಕಡಿತದ ಆರಂಭದಲ್ಲಿ ಸರಿಯಾದ ಎತ್ತರದಲ್ಲಿ ನಿಂತು, ಆ ಕ್ಷಣದ ವೋಲ್ಟೇಜನ್ನು ತಾನೇ ಅಳೆದು, ಅದನ್ನೇ ಗುರಿಯಾಗಿ ಇಟ್ಟುಕೊಳ್ಳುವ ನಿಯಂತ್ರಕಗಳೂ ಇವೆ. ದಿನವಿಡೀ ಬಗೆಬಗೆಯ ತಗಡು ಕತ್ತರಿಸುವ ಸಣ್ಣ ವರ್ಕ್‌ಷಾಪಿಗೆ ಇದು ಅನುಕೂಲ. ಆದರೆ ಆರಂಭದ ಎತ್ತರ ತಪ್ಪಿದರೆ ಇಡೀ ಕಡಿತವೇ ತಪ್ಪುತ್ತದೆಂಬುದೂ ಅಷ್ಟೇ ಸತ್ಯ.

ಐದನೆಯದು ಹೊಂದಾಣಿಕೆ. ಪ್ಲಾಸ್ಮಾ ಯಂತ್ರದಲ್ಲಿಯೇ ಚಾಪದ ವೋಲ್ಟೇಜನ್ನು ಐವತ್ತರಲ್ಲಿ ಒಂದು ಪಾಲಿನಂತೆ ತಗ್ಗಿಸಿ ಹೊರಗೆ ಕೊಡುವ ತುದಿ ಇದ್ದರೆ ಜೋಡಣೆ ಸುಲಭ, ಅಪಾಯವೂ ಕಡಿಮೆ. ಅಧಿಕ ಆವರ್ತನದ ಕಿಡಿಯಿಂದ ಚಾಪ ಹೊತ್ತಿಸುವ ಯಂತ್ರಗಳು ಪಕ್ಕದ ಎಲೆಕ್ಟ್ರಾನಿಕ್ ಭಾಗಗಳನ್ನು ತಬ್ಬಿಬ್ಬು ಮಾಡುತ್ತವೆ. ಅಂಥವುಗಳಿಗೆ ಸರಿಯಾದ ರಕ್ಷಣೆಯೂ ಗಟ್ಟಿಯಾದ ಅರ್ಥಿಂಗೂ ಬೇಕು. ಟಾರ್ಚು ಎಲ್ಲಿಗಾದರೂ ತಗುಲಿದರೆ ಕಳಚಿಕೊಳ್ಳುವ ಅಯಸ್ಕಾಂತದ ಹಿಡಿ ಇರಲಿ. ಗಾಳಿಯಲ್ಲಿನ ತೇವವನ್ನು ಹೀರುವ ಫಿಲ್ಟರ್ ಇರಲಿ, ಒದ್ದೆ ಗಾಳಿ ಎಲೆಕ್ಟ್ರೋಡನ್ನು ಬೇಗ ತಿನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೆಟ್ಟಾಗ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಒಂದೆರಡು ದಿನದಲ್ಲಿ ಬಂದು ನೋಡುವವರು ಇದ್ದಾರೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿರಿ.

ಎಲ್ಲರಿಗೂ ಇದು ಬೇಕೇಬೇಕೆಂದು ನಾನು ಹೇಳುವುದಿಲ್ಲ. ದಪ್ಪ ಪ್ಲೇಟಿನಿಂದ ಚಿಕ್ಕ ಚಿಕ್ಕ ತುಂಡುಗಳನ್ನಷ್ಟೇ ತೆಗೆಯುವವರು, ಆರಂಭದ ಎತ್ತರವನ್ನು ಸರಿಯಾಗಿ ಅರಿಯುವ ಏರ್ಪಾಡೊಂದಿದ್ದರೆ ಬಹುಮಟ್ಟಿಗೆ ನಿಭಾಯಿಸಬಹುದು. ತೆಳು ತಗಡಿನಲ್ಲಿ ಉದ್ದನೆಯ ಕಡಿತ ಮಾಡುವವರಿಗೆ, ಜಾಲರಿ ಗೇಟುಗಳಂಥ ನವಿರು ಕೆಲಸ ಮಾಡುವವರಿಗೆ ಅದಿಲ್ಲದೆ ನಡೆಯದು. ಕೊಳ್ಳುವ ಮೊದಲು ನಿಮ್ಮದೇ ತಗಡು, ನಿಮ್ಮದೇ ನಕ್ಷೆ ತೆಗೆದುಕೊಂಡು ಹೋಗಿ ಎದುರಿಗೆ ಕತ್ತರಿಸಿ ತೋರಿಸಲು ಹೇಳಿರಿ. ತಗಡು ತುಸು ಬಾಗಿರಲಿ, ನಕ್ಷೆಯಲ್ಲಿ ಚೂಪಾದ ಮೂಲೆಗಳಿರಲಿ, ಒಂದೆರಡು ಚಿಕ್ಕ ರಂಧ್ರಗಳಿರಲಿ. ಕಣ್ಣಿಗೆ ಕಪ್ಪು ಕನ್ನಡಕ ಹಾಕದೆ ಚಾಪವನ್ನು ನೋಡಬೇಡಿರಿ. ಸತುವಿನ ಲೇಪವಿರುವ ತಗಡಿನ ಹೊಗೆಯನ್ನು ಉಸಿರಾಡಬೇಡಿರಿ.

ಚರಿತ್ರೆಯ ವಿದ್ಯಾರ್ಥಿಯಾಗಿ ಕೊನೆಯದಾಗಿ ಒಂದು ಮಾತು. ಅಂತರವನ್ನು ಕಾಯುವ ಕೆಲಸ ಕಮ್ಮಾರನ ಕೈಯಿಂದ ಗ್ಯಾಸ್ ಕಟಿಂಗಿನವನ ಕಣ್ಣಿಗೆ, ಅಲ್ಲಿಂದ ವೋಲ್ಟೇಜಿನ ಅಂಕಿಗೆ ಬಂದು ನಿಂತಿದೆ. ಇದರಿಂದ ಕೈಯ ಜಾಣ್ಮೆಗೆ ಬೆಲೆ ಹೋಯಿತೆಂದು ಕೊರಗುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಕಾಯುವ ಶ್ರಮ ಯಂತ್ರಕ್ಕೆ ಹೋಗಿದೆ. ಎಷ್ಟನ್ನು ಕಾಯಬೇಕು, ಯಾವಾಗ ಆ ಅಂಕಿಯನ್ನು ನಂಬಬಾರದು ಎಂಬ ವಿವೇಚನೆ ಮನುಷ್ಯನಲ್ಲಿಯೇ ಉಳಿದಿದೆ. ಕಡಿತದ ಅಂಚನ್ನು ಬೆರಳಿನಿಂದ ಸವರಿ ನೋಡಿ, ಕಿಟ್ಟ ಎಲ್ಲಿ ಅಂಟಿದೆಯೆಂದು ಕಂಡು, ಅಂಕಿಯನ್ನು ತಿದ್ದುವವನೇ ಇಂದಿನ ಕಮ್ಮಾರ. ಹಿಂದೆ ಆ ವಿವೇಚನೆ ಒಂದು ಕುಲದೊಳಗೆ, ಗಂಡುಮಕ್ಕಳೊಳಗೆ ಉಳಿದುಕೊಂಡಿತ್ತು. ಇಂದು ಅದು ಕಲಿಯುವ ಮನಸ್ಸುಳ್ಳ ಯಾರಿಗಾದರೂ ದೊರೆಯಬಲ್ಲದು. ಮದುವೆಯಾದ ಹೆಣ್ಣೆಂದು ವಿದ್ವತ್ಸಭೆಯ ಹೊರಗೆ ನಿಲ್ಲಬೇಕಾದ ಹರ್ತಾ ಏರ್ಟನ್ನಳ ಸಮೀಕರಣದ ಮೇಲೆ ಈ ಯಂತ್ರಗಳೆಲ್ಲ ಓಡುತ್ತಿರುವಾಗ, ನಮ್ಮ ವರ್ಕ್‌ಷಾಪುಗಳಲ್ಲಿ ಹೆಣ್ಣುಮಕ್ಕಳು ಕಾಣದಿರುವುದಕ್ಕೆ ಕಾರಣವೇನೂ ಉಳಿದಿಲ್ಲ. ಈ ಕಸುಬಿನಲ್ಲಿರುವ ನನ್ನ ವಿದ್ಯಾರ್ಥಿಗಳು ತಮ್ಮ ಹೆಣ್ಣುಮಕ್ಕಳಿಗೂ ಆ ಅಂಕಿಗಳನ್ನು ಓದಲು, ತಿದ್ದಲು ಕಲಿಸಲಿ ಎಂಬುದು ನನ್ನ ಕೋರಿಕೆ.